ಕ್ರೀಡಾ ಸಚಿವರಿಗೆ: ಚಾಪ್‌ಮನ್ ಅಂಥವರನ್ನು ಊರಿನಲ್ಲೇ ಉಳಿಸಿಕೊಳ್ಳಿ

ರಾಜ್ಯದ ಮಾನ್ಯ ಯುವ ಸಬಲೀಕರಣ ಮತ್ತು ಕ್ರೀಡಾ ಸಚಿವರಿಗೆ ನಮಸ್ಕಾರಗಳು.

ಭಾರತ ಫುಟ್‌ಬಾಲ್ ತಂಡದ ಮಾಜಿ ನಾಯಕ ಕಾರ್ಲ್‌ಟನ್ ಚಾಪ್‌ಮನ್ 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ ಇನ್ನೂ 49 ವರ್ಷ. ಈ ಪತ್ರ ಅವರಿಗಾಗಿ ಪ್ರತಿಮೆಯನ್ನಾಗಲಿ, ರಸ್ತೆಗೆ ಅವರ ಹೆಸರನ್ನಾಗಲಿ ಕೇಳಲು ಬರೆದದ್ದಲ್ಲ.

ಬೆಂಗಳೂರಿನ ಈ ಹುಡುಗ ಇಲ್ಲಿಯ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲಿ ಕಲಿತು, ಸದರ್ನ್ ಬ್ಲೂಸ್ ಕ್ಲಬ್‌ಗೆ ಆಡಿ, 1990ರಲ್ಲಿ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. 1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್‌ಗೆ ಬಂದ ವರ್ಷವೇ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜಾವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಮಣಿಸಿತು. ಹ್ಯಾಟ್ರಿಕ್ ಚಾಪ್‌ಮನ್ ಅವರದು. ಗೋಲು ಹೊಡೆಯುವುದು ಮುಂಪಡೆಯವರ ಕೆಲಸ ಎನ್ನುವ ಕಾಲದಲ್ಲಿ ಒಬ್ಬ ಮಿಡ್‌ಫೀಲ್ಡರ್ (ಮೈದಾನದ ನಡುವೆ ಆಡುವವರು) ಹೀಗೆ ಆಡಿದ್ದು ಸಣ್ಣ ಮಾತಲ್ಲ. ಮುಂದೆ ಪಂಜಾಬಿನ ಜೆಸಿಟಿ ಕ್ಲಬ್‌ನಲ್ಲಿ ಮುಂಪಡೆಯ ಐ.ಎಂ. ವಿಜಯನ್ ಮತ್ತು ಬೈಚುಂಗ್ ಭುಟಿಯಾ ಅವರ ಹಿಂದೆ ನಿಂತು ಮೊದಲ ರಾಷ್ಟ್ರೀಯ ಲೀಗ್ ಗೆದ್ದರು. ಎಫ್‌ಸಿ ಕೊಚ್ಚಿನ್‌ನಲ್ಲಿ ಆಡಿ ಮರಳಿ ಈಸ್ಟ್ ಬೆಂಗಾಲ್‌ಗೆ ಬಂದು, 2000-01ರಲ್ಲಿ ನಾಯಕರಾಗಿ ಮತ್ತೆ ಲೀಗ್ ಗೆದ್ದು ನಿವೃತ್ತರಾದರು.

ಕೋಚ್ ಆದ ಮೇಲೆ ಅವರ ಹಾದಿ ಎಲ್ಲೆಲ್ಲಿಗೆ ಹೋಯಿತು ನೋಡಿ. ಮೊದಲು ಟಾಟಾ ಅಕಾಡೆಮಿ. ಆಮೇಲೆ ಶಿಲ್ಲಾಂಗಿನ ರಾಯಲ್ ವಾಹಿಂಗ್ಡೊ, ಕೋಲ್ಕತ್ತದ ಭವಾನಿಪುರ, ದೆಹಲಿಯ ಸುದೇವಾ, ಕೊನೆಗೆ ಕೋಝಿಕ್ಕೋಡಿನ ಕ್ವಾರ್ಟ್ಜ್ ಅಕಾಡೆಮಿ. ನಡುವೆ ನಮ್ಮ ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್ ಕ್ಲಬ್‌ನಲ್ಲೂ ಕಲಿಸಿದರು. ಇಷ್ಟು ಬಲ್ಲ ಮನುಷ್ಯ ಊರೂರು ಅಲೆದು ಕಲಿಸಬೇಕಾಯಿತು ಎಂಬುದು ನನ್ನ ಸಂಕಟ. ಖಾಸಗಿ ಕ್ಲಬ್‌ಗಳನ್ನು ನಂಬಿ ಬದುಕುವುದು ಕಷ್ಟ: ಎಫ್‌ಸಿ ಕೊಚ್ಚಿನ್ ಮುಚ್ಚಿತು, 2011ರಲ್ಲಿ ಜೆಸಿಟಿ ತಂಡ ವಿಸರ್ಜನೆಯಾಯಿತು, 2015ರಲ್ಲಿ ವಾಹಿಂಗ್ಡೊ ರಾಷ್ಟ್ರೀಯ ಮಟ್ಟದ ಐ-ಲೀಗ್ ಬಿಟ್ಟಿತು. ಎಚ್‌ಎಎಲ್, ಐಟಿಐನಂತಹ ಕಾರ್ಖಾನೆಗಳು ಆಟಗಾರರಿಗೆ ನೌಕರಿ ಕೊಟ್ಟು ತಂಡ ಕಟ್ಟುತ್ತಿದ್ದ ದಿನಗಳೂ ಹೋದವು.

ಮಿಡ್‌ಫೀಲ್ಡರ್‌ನ ಆಟವನ್ನೇ ನೋಡಿ. ಚೆಂಡು ಕಾಲಿಗೆ ಬರುವ ಮುನ್ನವೇ ಹೆಗಲ ಮೇಲಿಂದ ಹಿಂದಿರುಗಿ ನೋಡಬೇಕು. ಎದುರಾಳಿ ಮೈಮೇಲೆ ಬಂದಾಗ ಅರೆಕ್ಷಣ ತಡೆದು, ಅವನ ಭಾರ ಒಂದು ಕಾಲಿಗೆ ಬಿದ್ದೊಡನೆ ಇನ್ನೊಂದು ಬದಿಗೆ ಪಾಸ್ ಬಿಡಬೇಕು. ಇದನ್ನು ಹನ್ನೆರಡು ವರ್ಷದ ಹುಡುಗಿಯ ಪಕ್ಕ ನಿಂತು, ಭುಜ ಹಿಡಿದು ತಿರುಗಿಸಿ, ಮತ್ತೆ ಮತ್ತೆ ಆಡಿಸಿ ಕಲಿಸಬೇಕು. ದೊಡ್ಡ ಪಂದ್ಯಗಳಲ್ಲಿ ಆಡಿದವರಿಗೆ ಇದು ಮೈಗೂಡಿರುತ್ತದೆ. ಅದನ್ನು ಮುಂದಿನವರಿಗೆ ದಾಟಿಸಲು ಅವರಿಗೆ ಸಂಬಳ ಬೇಕು, ಭದ್ರತೆ ಬೇಕು.

ಪ್ರತಿಭೆಗೆ ನಮ್ಮಲ್ಲಿ ಬರವಿಲ್ಲ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ನಮ್ಮ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ನಂತರ ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ ತಂದಿತು.

ಆದ್ದರಿಂದ ಕೋರಿಕೆ ಇದು. ಇಲಾಖೆಯ ಕ್ರೀಡಾ ಶಾಲೆ ಮತ್ತು ವಸತಿ ನಿಲಯಗಳಲ್ಲಿ ರಾಜ್ಯದ ನಿವೃತ್ತ ಫುಟ್‌ಬಾಲ್ ಆಟಗಾರರಿಗೆಂದೇ ಕಾಯಂ ತರಬೇತುದಾರರ ಹುದ್ದೆಗಳನ್ನು ಮಂಜೂರು ಮಾಡಿ. ಎಎಫ್‌ಸಿ (ಏಷ್ಯಾ ಫುಟ್‌ಬಾಲ್ ಒಕ್ಕೂಟ) ಕೋಚಿಂಗ್ ಪರವಾನಗಿಯ ಶುಲ್ಕವನ್ನು ಸರ್ಕಾರವೇ ಭರಿಸಲಿ. ಆಟ ಬಿಟ್ಟ ಮರುವರ್ಷ ಕೈಯಲ್ಲಿ ಕಾಸಿಲ್ಲದವರು ಅದನ್ನು ಕಟ್ಟಲಾರರು. ಆಟಗಾರ್ತಿಯರಿಗೂ ಇದರಲ್ಲಿ ಪಾಲಿರಲಿ.

ಮುಂದಿನ ಬಜೆಟ್‌ಗೆ ಮುನ್ನ ಹಳೆಯ ಆಟಗಾರರನ್ನು ಕರೆದು ಮಾತನಾಡಿಸಿ, ಇಲಾಖೆ ಕೈಗೊಂಡ ನಿರ್ಧಾರವನ್ನು ಸಾರ್ವಜನಿಕವಾಗಿ ತಿಳಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಫುಟ್‌ಬಾಲ್ ಪ್ರೇಮಿ