ಸೀನನಿಗೊಂದು ಪತ್ರ: ನಂದಿಬೆಟ್ಟ, ಜೆರ್ಡನ್, ಒಂದು ಪಿಕಳಾರ

ಸೀನ,

ಆಫೀಸಿನವರ ಜೊತೆ ನಂದಿಬೆಟ್ಟಕ್ಕೆ ಬರ್ತೀನಿ ಅಂದ್ಯಲ್ಲ, ಮೋಡದ ಫೋಟೊ ತೆಗೆದು ಇಳಿದುಬಿಡಬೇಡ. ಹಳದಿ ಕೊರಳಿನ ಪಿಕಳಾರ (ಬುಲ್‌ಬುಲ್ ಹಕ್ಕಿ) ನೋಡ್ಕೊಂಡು ಹೋಗು. ದಕ್ಷಿಣ ಭಾರತದ ಬಂಡೆಗುಡ್ಡ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ ಅದು. ನಮ್ಮ ನಂದಿಯಲ್ಲಿದೆ, ಆ ಕಡೆ ದೇವರಾಯನದುರ್ಗದಲ್ಲಿದೆ.

ತುದಿಯ ತೋಟಕ್ಕಿಂತ ಇಳಿಜಾರು ವಾಸಿ. ಬಂಡೆ ಸಂದಿಯಲ್ಲಿ ಕುರುಚಲು ಬೆಳೆದ ಕಡೆ, ಬಿಸಿಲೇರೋ ಮುಂಚೆ, ಹಣ್ಣು ಬಿಟ್ಟ ಅತ್ತಿ ಜಾತಿಯ ಮರವೋ ಲಂಟಾನ ಪೊದೆಯೋ ಸಿಕ್ಕರೆ ಎದುರು ಸುಮ್ಮನೆ ನಿಲ್ಲು. ಎಲ್ಲರೂ ಎಡವೋದು ಬಿಳಿ ಹುಬ್ಬಿನ ಪಿಕಳಾರದ ಹತ್ತಿರ. ಅದೂ ಇಂಥ ಪೊದೆಗಳಲ್ಲೇ ಓಡಾಡುತ್ತೆ. ಕಣ್ಣ ಮೇಲೆ ಬಿಳಿ ಗೆರೆ ಕಂಡರೆ ನಾವು ಹುಡುಕ್ತಿರೋದಲ್ಲ. ನಮ್ಮದಕ್ಕೆ ಜುಟ್ಟಿಲ್ಲ, ಬೆನ್ನು ಬೂದು, ತಲೆ ಹಸಿರು ಬೆರೆತ ಹಳದಿ, ಗಂಟಲು ಅಪ್ಪಟ ಹಳದಿ. ಹಾರಿದಾಗ ಬಾಲದ ತುದಿಯೂ ಹಳದಿ. ಮೊಬೈಲಲ್ಲಿ ಕೂಗು ಹಾಕಿ ಕರೆಯಬೇಡ, ಗೂಡಿನ ಕಾಲದಲ್ಲಿ ಅದು ಮರಿಗಳ ಹೊಟ್ಟೆ ಮೇಲೆ ಹೊಡೆದಂಗೆ.

1845ರಲ್ಲಿ ಈ ಹಕ್ಕಿಯನ್ನ ವಿಜ್ಞಾನದ ಲೆಕ್ಕಕ್ಕೆ ತಂದವನು ಥಾಮಸ್ ಜೆರ್ಡನ್, ಮದ್ರಾಸಿನ ಕಡೆ ಈಸ್ಟ್ ಇಂಡಿಯಾ ಕಂಪನಿಯ ಡಾಕ್ಟರು. ಆಗಿನ ರೂಢಿಯಂತೆ ಹೊಡೆದು, ಚರ್ಮ ಬಿಡಿಸಿ, ಅಳತೆ ಹಿಡಿದು ಬರೆಯೋ ಕೆಲಸ. 1862–64ರಲ್ಲಿ ಇಡೀ ದೇಶದ ಹಕ್ಕಿಗಳನ್ನ ಪುಸ್ತಕಕ್ಕಿಳಿಸಿದಾಗ ಎಂಥ ಜಾಗದಲ್ಲಿರುತ್ತೆ, ಏನು ತಿನ್ನುತ್ತೆ, ಊರವರು ಏನಂತ ಕರೀತಾರೆ, ಇದನ್ನೂ ಸೇರಿಸಿದ. ಅದಕ್ಕೇ ಇವತ್ತಿಗೂ ಅವನ ಮಾತನ್ನ ಗುಡ್ಡಕ್ಕೆ ಹೋಗಿ ತಾಳೆ ನೋಡಬಹುದು.

ಈಗ ಅವನ ಹೆಸರು ಕೇಳೋರಿಲ್ಲ. ಹೋಗ್ಲಿ ಬಿಡು, ಅದಕ್ಕೆ ಬೇಜಾರಿಲ್ಲ. ನನ್ನನ್ನ ಕಾಡ್ತಿರೋದು ಬೇರೆ, ಅದನ್ನ ಎಲ್ಲರೂ ಓದೋ ಈ ಪತ್ರದಲ್ಲಿ ಹೇಳಬೇಕಂತಿರಲಿಲ್ಲ. ಒಂದು ಗುಡ್ಡಕ್ಕೆ ಕ್ವಾರಿ ಬೀಳುತ್ತೆ, ಇನ್ನೊಂದಕ್ಕೆ ಬೇಸಿಗೆಯಲ್ಲಿ ಬೆಂಕಿ. ಅಲ್ಲಿ ಪಿಕಳಾರ ಇತ್ತು ಅಂತ ಯಾರೂ ಬರೆದಿಟ್ಟಿಲ್ಲದಿದ್ದರೆ, ಹೋಯ್ತು ಅಂತ ಹೇಳೋಕೂ ಆಧಾರ ಇರಲ್ಲ. ರಾತ್ರಿ ಇದೇ ಯೋಚನೆಯಲ್ಲಿ ನಿದ್ದೆ ಬರಲ್ಲ ಕಣೋ. ಹಕ್ಕಿಯ ಚೆಂದದ ಫೋಟೊ ಬೇಕಾದಷ್ಟು ನೋಡ್ತೀನಿ, ಅದರ ಕೆಳಗೆ ಯಾವ ಗುಡ್ಡ, ಯಾವ ತಾರೀಖು ಅಂತ ಇರಲ್ಲ.

ನೀನು ಬರಿ. ತಾರೀಖು, ಹೊತ್ತು, ಯಾವ ಇಳಿಜಾರು, ಯಾವ ಗಿಡ, ಎಷ್ಟು ಹಕ್ಕಿ. ಎಷ್ಟು ಹೊತ್ತು ಹುಡುಕಿದೆ ಅನ್ನೋದು ಮರೀಬೇಡ. ಕಾಣದೇ ಹೋದರೆ ಆ ಲೆಕ್ಕಕ್ಕೇ ಬೆಲೆ. ಆಮೇಲೆ ಅದನ್ನ ಇ-ಬರ್ಡ್‌ಗೆ ಹಾಕು, ಹಕ್ಕಿ ನೋಡಿದ ಲೆಕ್ಕ ಸೇರಿಸಿಡೋ ಜಾಲತಾಣ ಅದು.

ಸರಿ, ಭಾರ ಆಯ್ತು ಮಾತು. ಮಧ್ಯಾಹ್ನ ಮುದ್ದೆ, ಬಸ್ಸಾರು ನಮ್ಮನೇಲಿ. ಆ ಕೆಂಪಂಗಿ ಮಾತ್ರ ಬೇಡ. ಹಳೇ ಕಾರಣ ನಿನಗೇ ಗೊತ್ತು, ಹಕ್ಕಿಗಳಿಗೂ ಅದು ಆಗಲ್ಲ.

ನಿನ್ನ,
ಚಿಕ್ಕಬಳ್ಳಾಪುರದವನು