ನೆಲದೊಳಗೆ ಹರಿಯುವ ರೇಕಾ

ಲ್ಯುಬ್ಲ್ಯಾನಾ, ಸ್ಲೊವೇನಿಯಾ

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾನು ಕ್ಷೇಮವಾಗಿದ್ದೇನೆ. ಕೆಲಸದ ಸಮಾಚಾರವನ್ನು ಫೋನಿನಲ್ಲಿ ಹೇಳುತ್ತೇನೆ; ಈ ಪತ್ರವೆಲ್ಲ ಒಂದು ನದಿಯದು. ಶ್ಕೋತ್ಸಿಯಾನ್ ಗುಹೆಗಳನ್ನು ನೋಡಿ ಬಂದೆ. ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ, ಹಾಗಾಗಿ ಬರೆದೇ ತೋರಿಸಬೇಕು.

ರೇಕಾ ನದಿ ಸ್ನೆಜ್ನಿಕ್ ಪರ್ವತದ ಬುಡದಲ್ಲಿ ಹುಟ್ಟಿ, ನೀರು ಇಂಗದ ಕಲ್ಲಿನ ಮೇಲೆ ಸುಮಾರು 50 ಕಿಲೋಮೀಟರ್ ಎಲ್ಲ ನದಿಗಳಂತೆಯೇ ಹರಿದು ಬರುತ್ತದೆ. ಆಮೇಲೆ ಸುಣ್ಣಕಲ್ಲಿನ ಸೀಮೆ ಸಿಗುತ್ತದೆ. ಆ ಕಲ್ಲು ನೀರಿಗೆ ನಿಧಾನವಾಗಿ ಕರಗುವಂಥದು. ಶ್ಕೋತ್ಸಿಯಾನ್ ಹಳ್ಳಿಯ ಕೆಳಗೆ ಇಡೀ ನದಿಯೇ ಬಂಡೆಯೊಳಗೆ ನುಗ್ಗಿಬಿಡುತ್ತದೆ.

ಪ್ರವೇಶ ಒಣಗಿದ ಗುಹೆಯಿಂದ. ಅಲ್ಲಿ ಸುಣ್ಣದ ಕಂಬಗಳು, ತೊಟ್ಟಿಕ್ಕುವ ಹನಿಗಳು, ಅಷ್ಟೇ. ಚೆಲುವಾಗಿಯೇ ಇದೆ, ಆದರೆ ನಾನು ಅದಕ್ಕಾಗಿ ಹೋದವಳಲ್ಲ. ಸ್ವಲ್ಪ ಹೊತ್ತಿನಲ್ಲಿ ಎಲ್ಲಿಂದಲೋ ಮೊರೆತ ಕೇಳತೊಡಗಿತು. ತಿರುವು ದಾಟಿದ್ದೇ ತಡ, ಗೋಡೆಗಳು ದೂರ ಸರಿದವು, ಚಾವಣಿ ಮೇಲೇರಿ ಕತ್ತಲಲ್ಲಿ ಕಾಣದಾಯಿತು. ಕೆಳಗೆ, ಬಹಳ ಕೆಳಗೆ, ನದಿ! ಚೆರ್ಕ್ವೆನಿಕ್ ಸೇತುವೆ ನೀರಿನಿಂದ 45 ಮೀಟರಿನಷ್ಟು ಎತ್ತರದಲ್ಲಿದೆ. ಅಮ್ಮಾ, ಅದರ ನಡುವೆ ನಿಂತು ಕಂಬಿಯನ್ನು ಎರಡೂ ಕೈಗಳಿಂದ ಹಿಡಿದುಕೊಂಡೆ. ಹೆದರಿಕೆಗಲ್ಲ, ಆ ಆಳವನ್ನು ಕಣ್ಣು ತುಂಬ ನೋಡಬೇಕಿತ್ತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಎದುರಿನ ಗೋಡೆ. ಕಡಿದಾದ ಬಂಡೆಯ ಮೇಲೆ ಒಂದು ಪಾದ ಊರುವಷ್ಟೇ ಅಗಲದ ಮೆಟ್ಟಿಲುಗಳು ಸಾಲಾಗಿ ಕಾಣುತ್ತವೆ. 1884ರಿಂದ ಹಾಂಕೆ, ಮರಿನಿಚ್, ಮ್ಯೂಲರ್ ಎಂಬ ಗುಹೆ ಶೋಧಕರು ಈ ನದಿಯ ಬೆನ್ನು ಹತ್ತಿದ್ದರು. ಅವರ ಜೊತೆಗಿದ್ದ ಸುತ್ತಲಿನ ಹಳ್ಳಿಗರು ಮಂಕು ದೀಪದ ಬೆಳಕಿನಲ್ಲಿ, ಕೆಳಗೆ ನದಿ ಭೋರ್ಗರೆಯುತ್ತಿರುವಾಗ, ಆ ದಾರಿಯನ್ನು ಉಳಿ ಸುತ್ತಿಗೆಯಿಂದ ಕೆತ್ತಿದರು. ಜಲಪಾತದ ನಂತರ ಜಲಪಾತ ದಾಟಿ 1890ರಲ್ಲಿ ಗುಹೆಯ ಕೊನೆಯ ಸರೋವರ ಮುಟ್ಟಿದರು. ನಾನು ಮೊದಲು ನಡೆದು ಬಂದ ಆ ಮೌನ ಗುಹೆಯನ್ನು ಕಂಡುಹಿಡಿದವರೂ ಹಳ್ಳಿಗರೇ: 1904ರಲ್ಲಿ 60 ಮೀಟರ್ ಎತ್ತರದ ಗೋಡೆ ಹತ್ತಿದರು. ಸಭಾಂಗಣಗಳಿಗೆ, ಕಾಲುವೆಗಳಿಗೆ ಮುಂದಾಳುಗಳ ಹೆಸರಿದೆ. ಉಳಿ ಹಿಡಿದ ಕೈಗಳಿಗೂ ಅಷ್ಟೇ ಗೌರವ ಸಲ್ಲಬೇಕೆಂದು ನನಗೆ ಬಲವಾಗಿ ಅನ್ನಿಸಿತು.

ಅಪ್ಪಾ, "ಒಳಗೆ ಹೋದ ನೀರು ಎಲ್ಲಿ ಹೊರಬರುತ್ತದೆ?" ಎಂದು ನೀವು ಕೇಳುತ್ತೀರಿ. ಈಗ ಇಟಲಿಯಲ್ಲಿರುವ ಟ್ರಿಯೆಸ್ಟೆ ನಗರವನ್ನು ಕಾಡಿದ್ದೂ ಇದೇ ಪ್ರಶ್ನೆ. ಬಂದರು ಬೆಳೆದಂತೆ ಕುಡಿಯುವ ನೀರು ಸಾಲದಾಯಿತು; ನೆಲದಡಿಯ ನದಿಯನ್ನು ಹುಡುಕುತ್ತಾ 1841ರಲ್ಲಿ ನಗರದ ಹತ್ತಿರದ ಟ್ರೆಬಿಚಾನೊದಲ್ಲಿ 300 ಮೀಟರಿಗೂ ಹೆಚ್ಚು ಆಳಕ್ಕೆ ಇಳಿದರು. ತಳದಲ್ಲಿ ನದಿ ಸಿಕ್ಕಿತು! ಆದರೆ ಅಷ್ಟು ಆಳದಿಂದ ನೀರೆತ್ತುವ ಬಗೆ ಇರಲಿಲ್ಲ. ಮುಂದೆ ಗುರುತು ಹಾಕಿದ ಹಾವುಮೀನುಗಳನ್ನು ನದಿಗೆ ಬಿಟ್ಟು ನೋಡಿದವರೂ ಉಂಟು. ಹೀಗೆಲ್ಲ ಪರೀಕ್ಷಿಸಿ, ಇಟಲಿಯ ದುಯಿನೊ ಬಳಿ ಟಿಮಾವೊ ಎಂಬ ಹೆಸರಿನಲ್ಲಿ ಚಿಮ್ಮಿ ಸಮುದ್ರ ಸೇರುವ ಬುಗ್ಗೆಗಳಲ್ಲಿ ರೇಕಾದ ನೀರೂ ಇದೆ ಎಂದು ಖಚಿತಪಡಿಸಿಕೊಂಡರು. ನಡುವಿನ ಹತ್ತಾರು ಕಿಲೋಮೀಟರ್ ದಾರಿಯ ಬಹುಪಾಲು ಇಂದಿಗೂ ಮನುಷ್ಯನ ಕಾಲಿಗೆ ಸಿಕ್ಕಿಲ್ಲ.

ಮಳೆ ಜೋರಾದಾಗ ಮಾತ್ರ ಈ ನದಿ ಭಯಂಕರ. ಗುಹೆಯೊಳಗಿನ ಮಾರ್ಟೆಲ್ ಸಭಾಂಗಣ 146 ಮೀಟರ್ ಎತ್ತರವಿದೆ, ಅದರಾಚೆ ದಾರಿ ಕಿರಿದು. ನೀರಿಗೆ ಮುಂದೆ ಹೋಗಲು ಜಾಗ ಸಾಲದೆ ಹಿಂದಕ್ಕೆ ತುಂಬಿಕೊಳ್ಳುತ್ತದೆ. 1965ರಲ್ಲಿ 100 ಮೀಟರಿಗೂ ಮಿಗಿಲಾಗಿ ಏರಿತ್ತಂತೆ.

ಮೇ ತಿಂಗಳಲ್ಲಿ ನೀವಿಬ್ಬರೂ ಬಂದಾಗ ಅಪ್ಪನನ್ನು ಗುಹೆಗೆ ಕರೆದೊಯ್ಯುತ್ತೇನೆ. ಒಳಗೆ 12 ಡಿಗ್ರಿಯಷ್ಟು ತಂಪು, ಸ್ವೆಟರ್ ಮರೆಯಬೇಡಿ. ಮೆಟ್ಟಿಲುಗಳು ನೂರಾರು, ಅಮ್ಮನ ಮಂಡಿಗೆ ಆಗದು. ಅಮ್ಮ ಮೇಲಿನ ನೋಟದ ಕಟ್ಟೆಯಿಂದ ನದಿ ಒಳಹೋಗುವ ಕಮರಿಯನ್ನು ನೋಡಲಿ. ಮರುದಿನ ಮೂವರೂ ಟಿಮಾವೊ ಬುಗ್ಗೆಗಳಿಗೆ ಹೋಗೋಣ, ಅವು ಹೆದ್ದಾರಿಯ ಪಕ್ಕದಲ್ಲೇ ಇವೆ. ಇಟಲಿಗೆ ಬೇರೆ ವೀಸಾ ಬೇಕಾಗಿಲ್ಲ. ಆಹ್ವಾನ ಪತ್ರವನ್ನು ಈ ವಾರವೇ ಕಳುಹಿಸುತ್ತೇನೆ, ಅರ್ಜಿ ಹಾಕಲು ತಡಮಾಡಬೇಡಿ.

ನಿಮ್ಮ ಪ್ರೀತಿಯ ಮಗಳು