ಗೆಳೆಯನಿಗೊಂದು ಪತ್ರ: ಕೂಗಾಡುವ ಕೋಚ್ ಬೇಕೆನ್ನುವ ನಿನಗೆ

ಪ್ರಿಯ ಗೆಳೆಯ,

ಇಂಗ್ಲೆಂಡಿನ ಫುಟ್‌ಬಾಲ್ ತಂಡ ಮ್ಯಾಂಚೆಸ್ಟರ್ ಯುನೈಟೆಡ್ ಸೋತಾಗಲೆಲ್ಲ ನಿನ್ನದು ಒಂದೇ ಪಲ್ಲವಿ. ಈ ಹುಡುಗರಿಗೆ ಬೇಕಿರುವುದು ತಂತ್ರವಲ್ಲ, ಮುಖಕ್ಕೆ ಮಂಗಳಾರತಿ ಮಾಡುವ, ಹಳೆಯ ಕೋಚ್ ಫರ್ಗ್ಯೂಸನ್‌ನಂಥ ಇನ್ನೊಬ್ಬ ಎನ್ನುತ್ತೀಯ. ಈ ಬಾರಿ ಸುಮ್ಮನೆ ತಲೆಯಾಡಿಸಲು ಮನಸ್ಸು ಬರಲಿಲ್ಲ.

ಫರ್ಗ್ಯೂಸನ್‌ನಿಂದಲೇ ಶುರು ಮಾಡೋಣ. 2003ರ ಫೆಬ್ರವರಿಯಲ್ಲಿ, ಲೀಗ್‌ನಿಂದ ಬೇರೆಯೇ ಆದ ಎಫ್‌ಎ ಕಪ್ ಟೂರ್ನಿಯಲ್ಲಿ ಆರ್ಸೆನಲ್ ಎದುರು ತವರಿನಲ್ಲೇ 2–0 ಸೋತ ಮೇಲೆ ಅವನು ಡ್ರೆಸ್ಸಿಂಗ್ ರೂಮಿನಲ್ಲಿ ಬೂಟೊಂದನ್ನು ಒದ್ದ, ಅದು ಹಾರಿ ಆಟಗಾರ ಬೆಕ್‌ಹ್ಯಾಮ್‌ನ ಹುಬ್ಬಿಗೆ ಬಡಿಯಿತು. ಮೇ ತಿಂಗಳಲ್ಲಿ ಯುನೈಟೆಡ್ ಲೀಗ್ ಗೆದ್ದಿತು. ಬೂಟಿನ ಪ್ರತಾಪ ಎಂದು ನೀನು ಹೇಳುತ್ತೀಯ. ಆದರೆ ಯುನೈಟೆಡ್ ಆ ಋತುವಿನಲ್ಲಿ ಲೀಗ್ ಪಂದ್ಯವೊಂದನ್ನು ಕೊನೆಯ ಸಲ ಸೋತದ್ದು 2002ರ ಡಿಸೆಂಬರ್ 26ರಂದು. ಅಲ್ಲಿಂದಾಚೆ ಲೀಗ್‌ನಲ್ಲಿ ಸೋಲೇ ಇಲ್ಲ. ಅಂದರೆ ಬೂಟು ಹಾರುವ ಮೊದಲೇ ಗೆಲುವಿನ ಓಟ ನಡೆದಿತ್ತು. ಬೂಟಿನಿಂದ ಖಚಿತವಾಗಿ ಆದದ್ದು ಒಂದೇ: ಮೊದಲೇ ಹಳಸಿದ್ದ ಸಂಬಂಧ ಇನ್ನಷ್ಟು ಹಳಸಿ, ಆ ಬೇಸಿಗೆಯಲ್ಲಿ ಬೆಕ್‌ಹ್ಯಾಮ್ ರಿಯಲ್ ಮ್ಯಾಡ್ರಿಡ್‌ಗೆ ಹೋದ.

ಇದೇ ಫರ್ಗ್ಯೂಸನ್ 1999ರಲ್ಲಿ ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಫೈನಲ್‌ನ ವಿರಾಮದಲ್ಲಿ, ಜರ್ಮನಿಯ ಬಯರ್ನ್ ತಂಡದ ಎದುರು ಒಂದು ಗೋಲು ಹಿಂದಿದ್ದಾಗ ಆಡಿದ ಮಾತು ನೆನಪಿದೆಯೇ? ಸೋತರೆ ಕಪ್ ಆರು ಅಡಿ ದೂರದಲ್ಲಿರುತ್ತದೆ, ಮುಟ್ಟಲೂ ಆಗುವುದಿಲ್ಲ ಎಂಬರ್ಥದ ಮಾತು. ಅದು ಬೈಗುಳವಲ್ಲ. ನಿವೃತ್ತನಾದ ಮೇಲೆ ಅವನೇ ಹೇಳಿದ್ದಾನೆ, ಸದಾ ಕೂಗಾಡುತ್ತಿದ್ದರೆ ನಡೆಯುವುದಿಲ್ಲ, ಬಹುತೇಕ ಆಟಗಾರರು ಪ್ರೋತ್ಸಾಹಕ್ಕೇ ಸ್ಪಂದಿಸುತ್ತಾರೆ ಎಂದು. ನಾವು ಅವನ 26 ವರ್ಷಗಳನ್ನು ಮರೆತು ಹತ್ತಾರು ಸಿಡಿಮಿಡಿಗಳನ್ನು ಮಾತ್ರ ನೆನಪಿಟ್ಟುಕೊಂಡಿದ್ದೇವೆ.

ಕೂಗಾಟದ ಶುದ್ಧ ಮಾದರಿ ಬೇಕಾದರೆ ಹಲ್ ಸಿಟಿಯ ಕಥೆ ಕೇಳು. ತನ್ನ ಇತಿಹಾಸದಲ್ಲೇ ಮೊದಲ ಸಲ 2008ರಲ್ಲಿ ಇಂಗ್ಲೆಂಡಿನ ಅಗ್ರ ವಿಭಾಗಕ್ಕೆ ಬಂದ ತಂಡ ಅದು. ಮೊದಲ ಒಂಬತ್ತು ಪಂದ್ಯಗಳಲ್ಲಿ ಆರು ಗೆಲುವು, ಅದರಲ್ಲಿ ಆರ್ಸೆನಲ್‌ನ ಅಂಗಳದ ಗೆಲುವೂ ಒಂದು. ಡಿಸೆಂಬರ್ 26ರಂದು ಮ್ಯಾಂಚೆಸ್ಟರ್ ಸಿಟಿಯ ಎದುರು ವಿರಾಮದ ಹೊತ್ತಿಗೆ 4–0 ಹಿಂದೆ. ಆಟಗಾರರು ತಲೆ ತಗ್ಗಿಸಿ ಒಳಗೆ ಹೊರಟಿದ್ದರು. ಕೋಚ್ ಫಿಲ್ ಬ್ರೌನ್ ಒಳಗೆ ಬಿಡಲಿಲ್ಲ. ಹಲ್‌ನಿಂದ ಬಂದಿದ್ದ ಅಭಿಮಾನಿಗಳ ಗ್ಯಾಲರಿಯ ಮುಂದೆಯೇ ಎಲ್ಲರನ್ನೂ ಹುಲ್ಲಿನ ಮೇಲೆ ಸುತ್ತ ಕೂರಿಸಿ, ತಾನು ನಿಂತು, ಬೆರಳು ಆಡಿಸುತ್ತ ತರಾಟೆಗೆ ತೆಗೆದುಕೊಂಡ. ಲಕ್ಷಗಟ್ಟಲೆ ಸಂಬಳ ಎಣಿಸುವ ವಯಸ್ಕರು ಶಾಲಾ ಮಕ್ಕಳಂತೆ ಮಂಡಿ ಹಿಡಿದುಕೊಂಡು ಕೂತಿದ್ದರು. ಟಿವಿ ಕ್ಯಾಮೆರಾಗಳಿಗೆ ಹಬ್ಬ.

ದ್ವಿತೀಯಾರ್ಧ 1–1, ಒಟ್ಟು 5–1. ಕೂಗಾಟ ಕೆಲಸ ಮಾಡಿತಲ್ಲ ಎಂದು ಹಿಗ್ಗಬೇಡ. ಆವರೆಗೆ 27 ಅಂಕ ಗಳಿಸಿದ್ದ ತಂಡ ಆಮೇಲಿನ 19 ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದನ್ನು. ಋತು ಮುಗಿದಾಗ 35 ಅಂಕ. ನ್ಯೂಕಾಸಲ್‌ಗಿಂತ ಒಂದೇ ಅಂಕ ಹೆಚ್ಚಿದ್ದರಿಂದ ಕೆಳ ವಿಭಾಗಕ್ಕೆ ಜಾರುವುದು ತಪ್ಪಿತು. ಮುಂದಿನ ವರ್ಷ ಅದೇ ಅಂಗಳದಲ್ಲಿ ಜಿಮ್ಮಿ ಬುಲ್ಲಾರ್ಡ್ ಪೆನಾಲ್ಟಿ ಗೋಲು ಹೊಡೆದ ಕೂಡಲೇ ಸಹ ಆಟಗಾರರು ಸುತ್ತ ಕೂತರು, ಅವನು ನಿಂತು ಬೆರಳು ಆಡಿಸಿ ಎಲ್ಲರನ್ನೂ ಬೈದಂತೆ ನಟಿಸಿದ. ಬ್ರೌನ್ ಅದನ್ನು ತಮಾಷೆಯಾಗಿಯೇ ತೆಗೆದುಕೊಂಡ, ಅದು ಅವನ ದೊಡ್ಡತನ.

ಆದರೂ ಆ ಬೈಗುಳವೇ ಹಲ್ ತಂಡವನ್ನು ಕೆಡಿಸಿತು ಎಂದು ನಾನು ಹೇಳಿದರೆ ನಿನ್ನದೇ ತಪ್ಪನ್ನು ನಾನೂ ತಲೆಕೆಳಗಾಗಿ ಮಾಡಿದಂತೆ. ಅಕ್ಟೋಬರ್ ಕೊನೆಯಿಂದ ಆ ದಿನದವರೆಗೆ ಹಲ್ ಗೆದ್ದದ್ದೂ ಒಂದೇ ಪಂದ್ಯ. ಯೋಗ್ಯತೆಗೆ ಮೀರಿ ಆಡಿದ ತಂಡ ತನ್ನ ಮಟ್ಟಕ್ಕೆ ಇಳಿಯುತ್ತಿತ್ತು, ಅಷ್ಟೆ. ಇಲ್ಲೇ ನಮಗೆಲ್ಲ ಮೋಸವಾಗುವುದು. ಮನೋವಿಜ್ಞಾನಿ ಡೇನಿಯಲ್ ಕಾನ್‌ಮನ್ ಇಸ್ರೇಲ್ ವಾಯುಪಡೆಯ ಒಬ್ಬ ತರಬೇತುದಾರನ ಮಾತನ್ನು ನೆನೆಯುತ್ತಿದ್ದರು. ಹೊಗಳಿದರೆ ಪೈಲಟ್ ಮುಂದಿನ ಸಲ ಹಾಳು ಮಾಡುತ್ತಾನೆ, ಬೈದರೆ ಸುಧಾರಿಸುತ್ತಾನೆ ಎಂಬುದು ಅವನ ಅನುಭವ. ಅವನು ಕಂಡದ್ದು ಸುಳ್ಳಲ್ಲ, ಕೊಟ್ಟ ಕಾರಣ ಸುಳ್ಳು. ತೀರ ಕೆಟ್ಟದಾಗಿ ಆಡಿದ ಮೇಲೆ ಮುಂದಿನದು ಸಾಮಾನ್ಯವಾಗಿ ಅಷ್ಟು ಕೆಟ್ಟದಾಗಿರುವುದಿಲ್ಲ, ಬೈದರೂ ಅಷ್ಟೆ, ಬಿಟ್ಟರೂ ಅಷ್ಟೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು. ಕೋಚ್ ಸಿಡಿಯುವುದು 4–0 ಹಿಂದಿದ್ದಾಗ ತಾನೆ? 4–0 ಮುಂದಿದ್ದಾಗ ಯಾರು ಬೂಟು ಒದೆಯುತ್ತಾರೆ!

ನಿನ್ನ ಪಾಲಿನ ನ್ಯಾಯವನ್ನೂ ಹೇಳಿಬಿಡುತ್ತೇನೆ. ಸಂಶೋಧಕ ಬ್ಯಾರಿ ಸ್ಟಾ ಮತ್ತು ಸಂಗಡಿಗರು ಅಮೆರಿಕದ ಶಾಲಾ ಕಾಲೇಜು ಬಾಸ್ಕೆಟ್‌ಬಾಲ್ ತಂಡಗಳ ವಿರಾಮದ ಮಾತುಗಳನ್ನು ಧ್ವನಿಮುದ್ರಿಸಿ, ಮುಂದಿನ ಆಟದ ಜೊತೆ ತಾಳೆ ನೋಡಿದರು. ಒಂದು ಮಟ್ಟದವರೆಗೆ ಕೋಚ್‌ನ ಅಸಮಾಧಾನ ಆಟವನ್ನು ಉತ್ತಮಪಡಿಸಿತ್ತು. ಅದು ಉಗ್ರವಾದಾಗ ಆಟ ಕೆಟ್ಟಿತ್ತು. ಶಾಲಾ ಹುಡುಗರ ಲೆಕ್ಕ ವೃತ್ತಿಪರರಿಗೆ ಎಷ್ಟು ಹೊಂದುತ್ತದೋ, ಆದರೂ ಖಾರ ಪೂರ್ತಿ ವ್ಯರ್ಥವಲ್ಲ ಎಂಬಷ್ಟನ್ನು ನಾನು ಒಪ್ಪುತ್ತೇನೆ.

ಕೋಚ್ ಆಂಟೋನಿಯೊ ಕಾಂಟೆಯನ್ನೇ ನೋಡು, ಮೈದಾನದ ಅಂಚಿನ ಟಚ್‌ಲೈನಿನಲ್ಲಿ ಸದಾ ಕೆಂಡಾಮಂಡಲ. 2016ರ ಸೆಪ್ಟೆಂಬರ್‌ನಲ್ಲಿ ಆರ್ಸೆನಲ್ ಎದುರು 3–0 ಸೋತ ಮೇಲೆ ಅವನ ಚೆಲ್ಸಿ ಲೀಗ್‌ನಲ್ಲಿ ಸತತ 13 ಪಂದ್ಯ ಗೆದ್ದಿತು. ಆದರೆ ನಡುವೆ ಬದಲಾದದ್ದು ಅವನ ಗಂಟಲಲ್ಲ, ರಕ್ಷಣೆಯಲ್ಲಿ ಮೂವರನ್ನು ನಿಲ್ಲಿಸುವ ರಚನೆ. 2023ರಲ್ಲಿ ಅದೇ ಕಾಂಟೆ ಟಾಟನ್‌ಹ್ಯಾಮ್ ಆಟಗಾರರನ್ನು ಪತ್ರಕರ್ತರ ಮುಂದೆಯೇ ಸ್ವಾರ್ಥಿಗಳೆಂದು ಹರಿಹಾಯ್ದ. ಹೆಚ್ಚುಕಡಿಮೆ ವಾರದಲ್ಲಿ ಕೆಲಸ ಬಿಡಬೇಕಾಯಿತು.

ಇಸ್ತಾಂಬುಲ್‌ನ ರಾತ್ರಿಯಂತೂ ನಿನಗೆ ಬಾಯಿಪಾಠ. 2005ರ ಚಾಂಪಿಯನ್ಸ್ ಲೀಗ್ ಫೈನಲ್, ವಿರಾಮಕ್ಕೆ ಮಿಲಾನ್ 3, ಲಿವರ್‌ಪೂಲ್ 0. ಲಿವರ್‌ಪೂಲ್ ಕೋಚ್ ರಾಫಾ ಬೆನಿಟೆಜ್ ಆಗ ಮಾಡಿದ್ದು ಗುಡುಗುವ ಕೆಲಸವಲ್ಲ, ಲೆಕ್ಕ ಹಾಕುವ ಕೆಲಸ. ಟ್ರಾವೋರೆಯನ್ನು ಹೊರಗಿಡಲು ಹೊರಟಿದ್ದವನು, ಫಿನ್ನನ್‌ಗೆ ನೋವಿದೆಯೆಂದು ಫಿಸಿಯೊ ಹೇಳಿದ ಮೇಲೆ ಟ್ರಾವೋರೆಯನ್ನೇ ಉಳಿಸಿಕೊಂಡ. ಹಮಾನ್‌ನನ್ನು ಇಳಿಸಿ ಮಧ್ಯದಲ್ಲಿ ಮಿಲಾನ್ ಆಟಗಾರ ಕಾಕಾನ ದಾರಿ ಕಟ್ಟಿದ, ಜೆರಾರ್ಡ್ ಮುಂದಕ್ಕೆ ಹೋಗಲು ಅವಕಾಶವಾಯಿತು. ಆರೇ ನಿಮಿಷಗಳಲ್ಲಿ ಮೂರು ಗೋಲು. ಎದುರು ಪಾಳಯದಲ್ಲಿದ್ದವನು ಅನ್ಚೆಲೊಟ್ಟಿ, ಹುಬ್ಬೊಂದನ್ನು ಮಾತ್ರ ಏರಿಸುವ ಮನುಷ್ಯ. ಅಂದು ಸೋತ ಅವನು ಕೋಚ್ ಆಗಿ ಒಟ್ಟು ಐದು ಚಾಂಪಿಯನ್ಸ್ ಲೀಗ್ ಗೆದ್ದಿದ್ದಾನೆ.

ನಮ್ಮ ಕಂಠೀರವ ಕ್ರೀಡಾಂಗಣದ ಆ ಸಂಜೆಯನ್ನು ಹೇಗೆ ಬಿಡಲಿ? 2023ರ ಜೂನ್ 21, ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಚಾಂಪಿಯನ್‌ಶಿಪ್, ಭಾರತ–ಪಾಕಿಸ್ತಾನ. ಮಳೆಯಲ್ಲಿ ತೊಯ್ದು ಇಬ್ಬರೂ ಗ್ಯಾಲರಿಯಲ್ಲಿದ್ದೆವು. ಛೆಟ್ರಿಯ ಎರಡು ಗೋಲುಗಳಿಂದ ನಾವು ಆರಾಮವಾಗಿ ಮುಂದಿದ್ದೆವು. ವಿರಾಮ ಇನ್ನೇನು ಬರಬೇಕು, ಥ್ರೋ-ಇನ್‌ಗೆ ನಿಂತ ಪಾಕಿಸ್ತಾನಿ ಆಟಗಾರನ ಕೈಯಿಂದ ನಮ್ಮ ಕೋಚ್ ಇಗೊರ್ ಸ್ಟಿಮಾಚ್ ಚೆಂಡನ್ನು ತಟ್ಟಿಬಿಟ್ಟ. ನೂಕಾಟ, ಕೆಂಪು ಕಾರ್ಡ್. ನೀನು ಎದ್ದು ನಿಂತು ಚಪ್ಪಾಳೆ ಹೊಡೆದೆ. ಅವನಿಲ್ಲದ ದ್ವಿತೀಯಾರ್ಧದಲ್ಲಿ ಇನ್ನೆರಡು ಗೋಲು ಬಂದು 4–0 ಆಯಿತು. ಕುವೈತ್ ಎದುರು ಅವನಿಗೆ ಮತ್ತೊಂದು ಕೆಂಪು ಕಾರ್ಡ್, ನಿಷೇಧ. ಲೆಬನಾನ್ ಎದುರಿನ ಸೆಮಿಫೈನಲ್‌ನಲ್ಲೂ ಕುವೈತ್ ಎದುರಿನ ಫೈನಲ್‌ನಲ್ಲೂ ತಂಡವನ್ನು ನೋಡಿಕೊಂಡವನು ಸಹಾಯಕ ಮಹೇಶ್ ಗಾವ್ಲಿ. ಎರಡೂ ಪೆನಾಲ್ಟಿಗೆ ಹೋದವು, ಎರಡನ್ನೂ ಗೆದ್ದೆವು. ಸ್ಟಿಮಾಚ್ ಕಟ್ಟಿದ ತಂಡವೇ ಅದು, ಅವನ ಶ್ರಮ ಅಲ್ಲಗಳೆಯುವಂಥದಲ್ಲ. ಆದರೆ ಅವನ ಸಿಟ್ಟು ಪಕ್ಕದಲ್ಲಿಲ್ಲದೆಯೂ ಹುಡುಗರ ಕಾಲು ನಡುಗಲಿಲ್ಲ.

ಯುನೈಟೆಡ್ ನಾಯಕನಾಗಿದ್ದ ರಾಯ್ ಕೀನ್ ಹೆಸರೆತ್ತುತ್ತೀಯ, ಗೊತ್ತು. 1999ರ ಏಪ್ರಿಲ್, ಟ್ಯೂರಿನ್, ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಯುವೆಂಟಸ್ ಎದುರು 2–0 ಹಿಂದಿದ್ದಾಗ ಮೊದಲ ಗೋಲನ್ನು ತಲೆಯಿಂದ ಹೊಡೆದ. ಆಮೇಲೆ ಹಳದಿ ಕಾರ್ಡ್ ಪಡೆದ, ಅದರಿಂದಾಗಿ ಫೈನಲ್ ಕೈತಪ್ಪಿತೆಂದು ತಿಳಿದೂ ಮೈದಾನದ ತುಂಬ ಓಡಿದ. ಯುನೈಟೆಡ್ 3–2 ಗೆದ್ದಿತು. ಆ ಬೆಂಕಿಗೆ ನಾನೂ ಕೈಮುಗಿಯುತ್ತೇನೆ, ಏಕೆಂದರೆ ಅದು ಮೊದಲು ಅವನನ್ನೇ ಸುಡುತ್ತಿತ್ತು. 2005ರಲ್ಲಿ ಅದೇ ಕೀನ್ ಕ್ಲಬ್ಬಿನ ವಾಹಿನಿಯ ಸಂದರ್ಶನದಲ್ಲಿ ಸಹ ಆಟಗಾರರ ಮೇಲೆ ಎಗರಿದ. ಅದು ಪ್ರಸಾರವಾಗಲಿಲ್ಲ, ನವೆಂಬರ್‌ನಲ್ಲಿ ಅವನು ಕ್ಲಬ್ ಬಿಟ್ಟ. ಆ ಸಿಡಿಲುಮರಿ ಇಲ್ಲದ ಯುನೈಟೆಡ್ 2007ರಿಂದ ಸತತ ಮೂರು ವರ್ಷ ಲೀಗ್ ಗೆದ್ದಿತು, 2008ರಲ್ಲಿ ಯುರೋಪಿನ ಕಪ್ಪನ್ನೂ ತಂದಿತು. ಇದಕ್ಕೆ ನಿನ್ನ ಹತ್ತಿರ ಏನು ಸಮಜಾಯಿಷಿ ಇದೆಯೋ, ಬಿಡುವಾದಾಗ ಬರೆ.

ಇಂತಿ ನಿನ್ನ ಗೆಳೆಯ